ಎಪ್ಕಾಟ್: ಗೋಡೆ ಹೋಯಿತು, ನೆರಳು ಇನ್ನೂ ಬಂದಿಲ್ಲ

ಫ್ಲಾರಿಡಾಗೆ ಬರುವ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ. ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ಪಾರ್ಕ್ ಇವೆಯಂತೆ, ನಮಗಿರುವುದು ಒಂದೇ ದಿನ, ಯಾವುದಕ್ಕೆ ಹೋಗೋಣ? ಸಣ್ಣ ಮಕ್ಕಳಿದ್ದರೆ ಮ್ಯಾಜಿಕ್ ಕಿಂಗ್‌ಡಮ್ ಅನ್ನುತ್ತೇನೆ. ಜೊತೆಗೆ ಅಪ್ಪ ಅಮ್ಮ, ಅತ್ತೆ ಮಾವ ಇದ್ದರೆ ಎಪ್ಕಾಟ್. ಓಡಾಡಲು ಜಾಗ ಜಾಸ್ತಿ. ಕೂತು ನೋಡುವ ರೈಡ್‌ಗಳಿವೆ. ರೋಲರ್ ಕೋಸ್ಟರ್ ಬೇಡವೇ ಬೇಡ ಅಂದರೂ ದಿನ ತುಂಬುತ್ತದೆ. ಆದರೆ ಈಗೀಗ ಒಂದು ಷರತ್ತು ಸೇರಿಸುತ್ತೇನೆ: ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಪಾರ್ಕಿನ ನಟ್ಟನಡುವೆ ಇರಬೇಡಿ.

ಈ ವಿಮರ್ಶೆ ಆ ನಟ್ಟನಡುವಿನ ಜಾಗದ್ದು. ಈಗ ಅದರ ಹೆಸರು ವರ್ಲ್ಡ್ ಸೆಲೆಬ್ರೇಷನ್. ಅಲ್ಲಿದ್ದ ಬೆಳೆದ ಮರಗಳನ್ನು 2019ರಲ್ಲಿ ತೆಗೆದರು. ತೋಟ ಅಂತ ಒಂದು ಬಂದು ಜನರಿಗೆ ತೆರೆದದ್ದು 2023ರ ಡಿಸೆಂಬರ್ 5ಕ್ಕೆ. ನಡುವಿನ ನಾಲ್ಕು ವರ್ಷ ಕಾಮಗಾರಿ ಗೋಡೆ. ಡಿಸ್ನಿ ಅಭಿಮಾನಿಗಳು ಇಷ್ಟು ದಿನ ಇಷ್ಟು ಜೋರಾಗಿ ಬೈದಾಡಿದ ವಿಷಯ ಇನ್ನೊಂದು ಸಿಗುವುದು ಕಷ್ಟ.

ನನ್ನ ಬಗ್ಗೆ ಎರಡು ಮಾತು, ಯಾಕೆಂದರೆ ನನ್ನ ಅಂಕಕ್ಕೆ ಅದೇ ಕಾರಣ. ಊರು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ, ಸೊಪ್ಪಿನ ಬೆಟ್ಟ ನೋಡಿ ಬೆಳೆದವನು. ಈಗ ಇರುವುದು ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ. ಕೆಲಸ ಸಿವಿಲ್ ಎಂಜಿನಿಯರಿಂಗ್: ರಸ್ತೆ, ಚರಂಡಿ, ಮಳೆನೀರಿನ ಕೊಳ. ಡಿಸ್ನಿಗೂ ನನ್ನ ಕಚೇರಿಗೂ ಸಂಬಂಧ ಇಲ್ಲ. ವಾರ್ಷಿಕ ಪಾಸ್ ಇದೆ, ಎಪ್ಕಾಟ್‌ಗೆ ಒಂದು ಗಂಟೆ ಚಿಲ್ಲರೆ ದಾರಿ. ಎಷ್ಟೋ ಸಂಜೆ ರೈಡ್ ಹತ್ತದೆ ಸುಮ್ನೆ ನಡೆದಾಡಿ ಬರುತ್ತೇವೆ. ಹೀಗೆ ಸುಮ್ಮನೆ ನಡೆಯಲು ಹೋಗುವವನಿಗೆ ಮರ ಅಲಂಕಾರವಲ್ಲ. ಅದೇ ಮುಖ್ಯ ಸೌಕರ್ಯ.

ಮೊದಲು ಹೇಗಿತ್ತು ಹೇಳುತ್ತೇನೆ. ಎಪ್ಕಾಟ್ ತೆರೆದದ್ದು 1982ರ ಅಕ್ಟೋಬರ್ 1ಕ್ಕೆ. ಬಾಗಿಲಲ್ಲೇ 180 ಅಡಿಯ ಬಿಳಿ ಗೋಳ, ಸ್ಪೇಸ್‌ಶಿಪ್ ಅರ್ಥ್. ಅದರ ಕೆಳಗೆ ತೂರಿ ಆಚೆ ಬಂದರೆ ದೊಡ್ಡ ಕಾರಂಜಿ, ಫೌಂಟನ್ ಆಫ್ ನೇಷನ್ಸ್. ಸಂಗೀತಕ್ಕೆ ತಕ್ಕ ಹಾಗೆ ಕುಣಿಯುತ್ತಿತ್ತು. ಎಡಬಲಕ್ಕೆ ಎರಡು ಉದ್ದನೆಯ ಬಾಗಿದ ಕಟ್ಟಡ. ಅಲ್ಲಿಂದ ಕೆರೆಯ ಕಡೆಗೆ ನೇರ ದಾರಿ (ಕೆರೆಯ ಸುತ್ತ ಒಂದೊಂದು ದೇಶದ ಹೆಸರಿನ ವಿಭಾಗಗಳಿವೆ), ದಾರಿಯಲ್ಲಿ ಮರಗಳ ಪಾತಿ, ಪಾತಿಯ ಕಟ್ಟೆಯೇ ಬೆಂಚು. ಕಾಫಿ ಹಿಡಿದು ಆ ಕಟ್ಟೆಯ ಮೇಲೆ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ. ಮಕ್ಕಳು ಕಾರಂಜಿ ನೋಡುತ್ತಿದ್ದವು, ದೊಡ್ಡವರು ಕಾಲು ಚಾಚುತ್ತಿದ್ದರು. ರೈಡ್‌ಗಳ ಪಟ್ಟಿಯಲ್ಲಿ ಇಲ್ಲದ, ಎಲ್ಲರೂ ಬಳಸುತ್ತಿದ್ದ ಜಾಗ ಅದು.

2019ರ ಆಗಸ್ಟ್‌ನಲ್ಲಿ ಡಿಸ್ನಿಯ ದೊಡ್ಡ ಅಭಿಮಾನಿ ಸಮಾವೇಶ ಡಿ23 ನಡೆಯಿತು. ಎಪ್ಕಾಟ್‌ನ ಕಾಯಕಲ್ಪದ ನಕ್ಷೆ ಹೊರಬಂದದ್ದು ಅಲ್ಲಿ. ಪಾರ್ಕಿನ ಆಹಾರ ಹಬ್ಬದಂಥ ಉತ್ಸವಗಳಿಗೆ ಮೂರು ಅಂತಸ್ತಿನ ಹಬ್ಬದ ಕಟ್ಟಡ, ಮೇಲೆ ತೋಟ. ಗೋಳದ ಒಳಗಿನ ಸ್ಪೇಸ್‌ಶಿಪ್ ಅರ್ಥ್ ರೈಡ್‌ಗೆ ಹೊಸ ಕತೆ. ಬ್ರಿಟನ್ ವಿಭಾಗಕ್ಕೆ ಮೇರಿ ಪಾಪಿನ್ಸ್ ಚಿತ್ರದ ಹೆಸರಿನ ಆಕರ್ಷಣೆ. ಚಿತ್ರಗಳಲ್ಲಿ ಎಲ್ಲೆಲ್ಲೂ ಹಸಿರು. ಅಭಿಮಾನಿಗಳು ಚಪ್ಪಾಳೆ ಹೊಡೆದರು. ಮರುತಿಂಗಳೇ ಕಾರಂಜಿ ನಿಂತಿತು. ಆ ಚಳಿಗಾಲದ ಹೊತ್ತಿಗೆ ಗೋಡೆ ಎದ್ದಿತು, ಮರ ಹೋದವು, ಪಶ್ಚಿಮದ ಕಟ್ಟಡ ಉರುಳಿತು.

2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಇಡೀ ಡಿಸ್ನಿ ವರ್ಲ್ಡ್ ಬಾಗಿಲು ಹಾಕಿತು. ಜುಲೈ 15ಕ್ಕೆ ಎಪ್ಕಾಟ್ ಮತ್ತೆ ತೆರೆದಾಗ ಗೋಡೆಗಳು ಇದ್ದಲ್ಲೇ ಇದ್ದವು, ಒಳಗೆ ಮಾತ್ರ ಕೆಲಸ ಕುಂಟುತ್ತಿತ್ತು. ಹಬ್ಬದ ಕಟ್ಟಡದ ಯೋಜನೆ ಬಿದ್ದುಹೋಯಿತು. ಮೇರಿ ಪಾಪಿನ್ಸ್ ಬರಲಿಲ್ಲ. ಸ್ಪೇಸ್‌ಶಿಪ್ ಅರ್ಥ್‌ನ ಹೊಸ ಕತೆಯೂ ಬರಲಿಲ್ಲ, ಈಗಲೂ ಬ್ರಿಟಿಷ್ ನಟಿ ಜೂಡಿ ಡೆಂಚ್ ಅವರ ದನಿಯೇ.

ಇಲ್ಲಿಂದ ಅಭಿಮಾನಿಗಳ ಕತೆ ಶುರು. ಈ ಜನರನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ಪಾರ್ಕಿನ ಅಭಿಮಾನಿ ಅಂದರೆ ಮಿಕ್ಕಿ ಮೌಸ್ ಕಿವಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಅಂದುಕೊಳ್ಳಬೇಡಿ. ಇವರು ಕಡತ ಓದುವ ಜನ. ಡಿಸ್ನಿ ಎಲ್ಲಿ ನೆಲ ಅಗೆದರೂ ಸೌತ್ ಫ್ಲಾರಿಡಾ ನೀರು ನಿರ್ವಹಣಾ ಜಿಲ್ಲೆಗೆ ಅರ್ಜಿ ಹಾಕಬೇಕು. ಮಳೆನೀರು ಎಲ್ಲಿಗೆ ಹರಿಯುತ್ತದೆ ಅಂತ ತೋರಿಸಬೇಕು. ಆ ಕಾಗದ ಸಾರ್ವಜನಿಕ. ನನ್ನ ಕೆಲಸದಲ್ಲಿ ನಾನು ಆಕಳಿಸುತ್ತಾ ಓದುವ ಆ ನಕ್ಷೆಗಳನ್ನು ಇವರು ಪತ್ತೇದಾರಿ ಕಾದಂಬರಿ ಥರ ಓದುತ್ತಾರೆ! ಕಟ್ಟಡದ ಗಡಿ ಎಲ್ಲಿ, ಕೊಳ ಎಷ್ಟು ಚಿಕ್ಕದಾಯಿತು ಅಂತ ಗೆರೆ ಎಳೆದು ತೋರಿಸುತ್ತಾರೆ. ಇನ್ನು ಕೆಲವರು ಮಾನೋರೈಲ್ ಹತ್ತುತ್ತಾರೆ. ಅದು ಎಪ್ಕಾಟ್‌ನ ಒಳಗೇ ಸುತ್ತು ಹಾಕಿ ಹೋಗುವುದರಿಂದ ಗೋಡೆಯ ಆಚೆ ಏನಿದೆ ಅಂತ ಮೇಲಿಂದ ಕಾಣುತ್ತದೆ. ಅಲ್ಲೂ ಕಾಣದ್ದಕ್ಕೆ ಹೆಲಿಕಾಪ್ಟರ್‌ನಿಂದ ಫೋಟೋ ತೆಗೆಯುವವರೂ ಇದ್ದಾರೆ. ಹಾಗಾಗಿ ಯಾವ ಮರ ಯಾವ ವಾರ ಹೋಯಿತು ಅನ್ನುವುದು ಗುಟ್ಟಾಗಿ ಉಳಿಯುವುದಿಲ್ಲ.

ಇವರ ಪ್ರೀತಿಯ ಮಟ್ಟ ಗೊತ್ತಾಗಬೇಕಾದರೆ ಇದು ಕೇಳಿ. ಎಪ್ಕಾಟ್‌ನಲ್ಲಿ ಫಿಗ್ಮೆಂಟ್ ಅಂತ ನೇರಳೆ ಬಣ್ಣದ ಒಂದು ಪುಟ್ಟ ಡ್ರ್ಯಾಗನ್ ಇದೆ. 2022ರ ಜನವರಿಯಲ್ಲಿ ಅದರ ಆಕಾರದ ಪಾಪ್‌ಕಾರ್ನ್ ಡಬ್ಬಿ ಬಂತು. ಅದಕ್ಕೆ ಜನ ಗಂಟೆಗಟ್ಟಲೆ ಕ್ಯೂ ನಿಂತರು. ಡಬ್ಬಿಗೆ ಹೀಗಾದರೆ, ತಾವು ಹನಿಮೂನಿಗೆ ಬಂದಾಗ ಕೂತಿದ್ದ ಮರದ ಕಟ್ಟೆಗೆ ಹೇಗಿರಬೇಡ.

ಜಗಳದಲ್ಲಿ ಎರಡು ಪಕ್ಷ. ಒಂದು ಪಕ್ಷದ್ದು ನೇರ ಮಾತು. ಸೆಂಟ್ರಲ್ ಫ್ಲಾರಿಡಾದ ಬೇಸಿಗೆ ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್‌ಗೆ ಮುಗಿಯುತ್ತದೆ. 33 ಡಿಗ್ರಿ, ಅದರ ಮೇಲೆ ಮಂಗಳೂರಿನಂಥ ಸೆಕೆ. ಇಂಥ ಕಡೆ ಬೆಳೆದ ಮರ ತೆಗೆಯುವವರಿಗೆ ಬುದ್ಧಿ ಇದೆಯಾ? ಇನ್ನೊಂದು ಪಕ್ಷ 1982ರ ಫೋಟೋ ತೆಗೆದು ತೋರಿಸುತ್ತದೆ. ನೋಡಿ, ಆಗಲೂ ಬಟಾಬಯಲು, ಎಳೆಯ ಗಿಡಗಳು, ಬೋಳು ಕಾಂಕ್ರೀಟು. ಗೋಳ ಎಲ್ಲ ಕಡೆಯಿಂದಲೂ ಕಾಣಬೇಕು ಅಂತಲೇ ವಿನ್ಯಾಸ ಮಾಡಿದ್ದು. ಹೊಸ ಮರವೂ ಬೆಳೆಯುತ್ತದೆ, ತಾಳ್ಮೆ ಇರಲಿ.

ಫೋಟೋ ಸುಳ್ಳಲ್ಲ. ಆದರೆ ಆ ವಾದ ತಿರುಗಿ ಅವರಿಗೇ ಹೊಡೆಯುತ್ತದೆ. 1982ರ ಎಳೆಯ ಗಿಡ 2019ಕ್ಕೆ ನೆರಳು ಕೊಡುವ ಮರವಾಗಿದ್ದಕ್ಕೆ ಹಿಡಿದದ್ದು 37 ವರ್ಷ. ಕಳೆದುಕೊಂಡದ್ದು ಅದೇ ಅಲ್ವಾ?

ಈಗ ನನ್ನ ಕಸುಬಿನ ಮಾತು. ಹಳೆಯ ಜಾಗ ಅಗೆದು ಹೊಸದಾಗಿ ಕಟ್ಟುವಾಗ ಮರ ಉಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಇಲ್ಲಿ ಎಲ್ಲರೂ ಬಳಸುವ ಒಂದು ಲೆಕ್ಕ ಇದೆ. ಕಾಂಡ ಎಷ್ಟು ಇಂಚು ದಪ್ಪವೋ, ಸುತ್ತ ಕಡಿಮೆ ಅಂದರೂ ಅಷ್ಟು ಅಡಿ ದೂರದವರೆಗೆ ಬೇಲಿ ಹಾಕಿ ಏನೂ ಮಾಡದೆ ಬಿಡಬೇಕು. 18 ಇಂಚಿನ ಮರಕ್ಕೆ ಎಲ್ಲ ಕಡೆ 18 ಅಡಿ. ಆ ಬೇಲಿಯೊಳಗೆ ಲಾರಿ ಬರಬಾರದು, ಜಲ್ಲಿ ಸುರಿಯಬಾರದು, ಪೈಪ್‌ಗೆ ಕಾಲುವೆ ತೋಡಬಾರದು. ಬೇರು ಕಡಿಯದಿದ್ದರೂ ಮೇಲೆ ಯಂತ್ರ ಓಡಾಡಿ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ ಸಿಗದೆ ಮರ ಎರಡು ಮೂರು ವರ್ಷಕ್ಕೆ ತಾನೇ ಒಣಗುತ್ತದೆ. ಕೆಳಗೆ ನೀರು, ಕರೆಂಟು, ಮಳೆನೀರಿನ ಪೈಪು ಎಲ್ಲ ಹೊಸದಾಗಿ ಹಾಕಬೇಕಾದ ಒಂದು ಚೌಕದಲ್ಲಿ ಹತ್ತಾರು ಮರಕ್ಕೆ ಇಂಥ ಬೇಲಿ ಹಾಕಿದರೆ ಕ್ರೇನ್ ತಿರುಗಲು ಜಾಗ ಉಳಿಯುವುದಿಲ್ಲ.

ಹಾಗಾದರೆ ಕಿತ್ತು ಬೇರೆ ಕಡೆ ನೆಡಬಹುದಲ್ಲ? ನೆಡಬಹುದು. ಅದಕ್ಕೂ ಲೆಕ್ಕ ಇದೆ. ಕಾಂಡದ ಒಂದೊಂದು ಇಂಚಿಗೆ ಬೇರಿನ ಮಣ್ಣಿನ ಮುದ್ದೆ ಹತ್ತು ಇಂಚಾದರೂ ಅಗಲ ಬೇಕು. ಅದೇ 18 ಇಂಚಿನ ಮರಕ್ಕೆ 15 ಅಡಿ ಅಗಲದ ಮುದ್ದೆ. ತಿಂಗಳುಗಟ್ಟಲೆ ಮುಂಚೆಯೇ ಸುತ್ತ ಬೇರು ಕತ್ತರಿಸಿ ಹೊಸ ಬೇರು ಬರಿಸಬೇಕು. ದುಬಾರಿ, ನಿಧಾನ, ಬದುಕುವ ಖಾತ್ರಿಯೂ ಇಲ್ಲ.

ಆದರೆ ಡಿಸ್ನಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಅಭಿಮಾನಿಗಳಿಗೆ ಹೊಟ್ಟೆ ಉರಿಯುವುದೂ ಅಲ್ಲೇ. ಮ್ಯಾಜಿಕ್ ಕಿಂಗ್‌ಡಮ್‌ನ ಲಿಬರ್ಟಿ ಸ್ಕ್ವೇರ್‌ನಲ್ಲಿ ಲೈವ್ ಓಕ್ ಜಾತಿಯ ಒಂದು ದೊಡ್ಡ ಮರ ಇದೆ, ಕೊಂಬೆಗಳಲ್ಲಿ 13 ಲಾಂದ್ರ ತೂಗುಬಿಟ್ಟಿರುತ್ತಾರೆ. ನೂರು ವರ್ಷಕ್ಕೂ ಹಳೆಯದು. ಅದು ಅಲ್ಲೇ ಹುಟ್ಟಿದ್ದಲ್ಲ. ಪಾರ್ಕ್ ಕಟ್ಟುವಾಗ ಡಿಸ್ನಿಯದೇ ಜಮೀನಿನಲ್ಲಿ ಎಂಟು ಮೈಲಿ ದೂರದಲ್ಲಿ ಕಂಡು, ಬೇರು ಸಮೇತ ತಂದದ್ದು. ತೂಕ 35 ಟನ್ನಿಗೂ ಜಾಸ್ತಿ. ಕಾಂಡಕ್ಕೆ ಹಗ್ಗ ಬಿಗಿದು ಎತ್ತಿದರೆ ತೊಗಟೆ ಸುಲಿದು ಮರ ಸಾಯುತ್ತದೆ. ಅದಕ್ಕೆ ಕಾಂಡದ ತಿರುಳಿನಲ್ಲಿ ಅಡ್ಡಡ್ಡ ತೂತು ಕೊರೆದು, ಉಕ್ಕಿನ ಸರಳು ತೂರಿಸಿ, ಆ ಸರಳುಗಳನ್ನು ಹಿಡಿದು ಕ್ರೇನ್‌ನಲ್ಲಿ ಎತ್ತಿದರು. ಆಮೇಲೆ ತೂತಿಗೆ ಅದೇ ಮರದ ಬೆಣೆ ಹೊಡೆದರು. ಬೆಣೆಗೆ ರೋಗ ಹತ್ತಿತು. ಅದನ್ನು ತೆಗೆದು, ಕೆಟ್ಟ ಭಾಗ ಕೆರೆದು, ಸಿಮೆಂಟ್ ತುಂಬಿದರು. ಮರ ಬದುಕಿತು, ಈಗಲೂ ಇದೆ. ಇದನ್ನು ಮಾಡಿಸಿದ ಬಿಲ್ ಇವಾನ್ಸ್ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ ತೋಟ ಮಾಡಿದವರೂ ಹೌದು. ಅಲ್ಲಿ ಹೆದ್ದಾರಿಗೆ ಬಲಿಯಾಗಲಿದ್ದ ಮರಗಳನ್ನು ಕೊಂಡು ತಂದು ಪಾರ್ಕಿನಲ್ಲಿ ನೆಟ್ಟರು. ಒಂದು ಮರಕ್ಕೆ ಇಷ್ಟು ಮಾಡಿದ ಕಂಪನಿ ಅಂತ ಗೊತ್ತಿದ್ದವರು ಎಪ್ಕಾಟ್‌ನ ಬಯಲಿನಲ್ಲಿ ನಿಂತು ಸಿಟ್ಟಾದರೆ ತಪ್ಪು ಹುಡುಕಲಾರೆ.

ಎಲ್ಲ ಮರವನ್ನೂ ಉಳಿಸಬಹುದಿತ್ತು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಕೆಲಸದ ಕ್ರಮದ್ದು. ಮರ ತೆಗೆಯುವುದು ಯಾವುದೇ ಕಾಮಗಾರಿಯ ಮೊದಲ ದಿನದ ಕೆಲಸ, ಅದು ಸರಿ. ಆದರೆ ನಕ್ಷೆ ಗಟ್ಟಿಯಾಗಿ, ಹಣ ಪೂರ್ತಿ ಕೈಗೆ ಬಂದ ಮೇಲಿನ ಮೊದಲ ದಿನ. ಇಲ್ಲಿ ಆದದ್ದು ನೋಡಿ. ಮೂರು ಅಂತಸ್ತಿನ ಕಟ್ಟಡಕ್ಕೆ ಅಂತ ಜಾಗ ಬಯಲು ಮಾಡಿದರು, ಕಟ್ಟಡ ಬರಲಿಲ್ಲ. ಅದರ ಬದಲು ಕಮ್ಯುನಿಕೋರ್ ಹಾಲ್ ಅಂತ ಒಂದು ಅಂತಸ್ತಿನ ಸಭಾಂಗಣ ಬಂತು, ಅದೂ 2024ರ ಜೂನ್ 10ಕ್ಕೆ. ಕೋವಿಡ್ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟು ರಿಯಾಯಿತಿ ಕೊಡಲೇಬೇಕು. ಆದರೂ ಗರಗಸ ಹಣಕ್ಕಿಂತ ಮುಂದೆ ಓಡಿದರೆ ಹೀಗಾಗುತ್ತದೆ. ಬೆಂಗಳೂರಿನವರಿಗೆ ವರ್ಷಗಟ್ಟಲೆ ಅರ್ಧಕ್ಕೇ ನಿಂತಿದ್ದ ಈಜಿಪುರ ಫ್ಲೈಓವರ್ ಅಂದರೆ ಸಾಕು, ಜಾಸ್ತಿ ವಿವರಿಸಬೇಕಿಲ್ಲ.

ಬೆಂಗಳೂರು ಅಂದಾಗ ಇನ್ನೊಂದು ನೆನಪು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು 812 ಮರ ಹೋಗುತ್ತವೆ ಅಂದಾಗ ಜನ ರಸ್ತೆಬದಿಗೆ ಬಂದು ಕೈ ಕೈ ಹಿಡಿದು ನಿಂತರು. ಮರುವರ್ಷ ಯೋಜನೆ ಕೈಬಿಟ್ಟರು. ಅದು ಊರಿನ ಮರ, ಕೇಳುವ ಹಕ್ಕಿತ್ತು. ಡಿಸ್ನಿ ಪಾರ್ಕಿನ ಮರ ಡಿಸ್ನಿಯದು. ಟಿಕೆಟ್ ಕೊಂಡವನಿಗೆ ಇರುವ ಅಸ್ತ್ರ ಒಂದೇ, ಮುಂದಿನ ವರ್ಷ ಪಾಸ್ ತೆಗೆದುಕೊಳ್ಳದೆ ಇರುವುದು. ಅಭಿಮಾನಿಗಳ ದನಿಯಲ್ಲಿ ಇಷ್ಟೊಂದು ಕಹಿ ಯಾಕೆ ಅಂದರೆ ಬಹುಮಂದಿ ಆ ಅಸ್ತ್ರವನ್ನೂ ಬಳಸುವುದಿಲ್ಲ. ಬೈಯುತ್ತಲೇ ಪಾಸ್ ತೆಗೆದುಕೊಳ್ಳುತ್ತಾರೆ.

ನಿಧಾನದ ಬಗ್ಗೆ ಅವರ ಲೆಕ್ಕ ಇನ್ನೂ ಖಾರ. ಎಪ್ಕಾಟ್‌ಗೆ ಗುದ್ದಲಿ ಬಿದ್ದದ್ದು 1979ರ ಅಕ್ಟೋಬರ್‌ನಲ್ಲಿ. ಮೂರು ವರ್ಷಕ್ಕೆ ಇಡೀ ಪಾರ್ಕ್ ತೆರೆಯಿತು: ಗೋಳ, ಕೆರೆ, ಮಾನೋರೈಲ್, ಸುತ್ತ ದೇಶಗಳು. ಈಗ ನಡುವಿನ ಒಂದು ಚೌಕಕ್ಕೇ ನಾಲ್ಕು ವರ್ಷ. ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್ ರೈಡ್ ಘೋಷಣೆಯಾದದ್ದು 2017ರ ಜುಲೈನಲ್ಲಿ, ಜನ ಹತ್ತಿದ್ದು 2023ರ ಏಪ್ರಿಲ್ 4ಕ್ಕೆ. ಹೊಸ ರೈಡ್ ಆಗಿದ್ದರೆ ಸರಿ, ಶಾಂಘೈನಲ್ಲಿ 2016ರಿಂದಲೇ ಓಡುತ್ತಿದ್ದ ರೈಡ್ ಅದು. ಇನ್ನು ಡಿಸ್ನಿಯ ಪೈಪೋಟಿ ಕಂಪನಿ, ಪಕ್ಕದ ಯೂನಿವರ್ಸಲ್‌ನವರು ಎಪಿಕ್ ಯೂನಿವರ್ಸ್ ಪಾರ್ಕ್ ಘೋಷಿಸಿದ್ದು 2019ರ ಆಗಸ್ಟ್ 1ಕ್ಕೆ, ಎಪ್ಕಾಟ್ ನಕ್ಷೆ ಹೊರಬಂದ ತಿಂಗಳೇ. ಕೋವಿಡ್‌ಗೆ ಅವರೂ ಕೆಲಸ ನಿಲ್ಲಿಸಿ 2021ರಲ್ಲಿ ಮತ್ತೆ ಶುರು ಮಾಡಿದರು. 2025ರ ಮೇ 22ಕ್ಕೆ ಇಡೀ ಹೊಸ ಪಾರ್ಕ್ ಬಾಗಿಲು ತೆರೆಯಿತು.

ತಮಾಷೆ ಏನೆಂದರೆ, ಎಪಿಕ್ ಯೂನಿವರ್ಸ್ ತೆರೆದ ಕೂಡಲೇ ಅಲ್ಲಿನ ಅಭಿಮಾನಿಗಳು ತೆಗೆದ ಮೊದಲ ದೂರುಗಳಲ್ಲಿ ಒಂದು ನೆರಳಿಲ್ಲ ಅನ್ನುವುದೇ. ಬೇಗ ಕಟ್ಟಬಹುದು, ಬೇಗ ಬೆಳೆಸಲು ಆಗುವುದಿಲ್ಲ ನೋಡಿ.

ಸರಿ, ಈಗ ಒಳಗೆ ಹೋಗೋಣ. ಬಾಗಿಲ ಹತ್ತಿರದ ಕೆಲಸಕ್ಕೆ ನನ್ನ ಪೂರ್ತಿ ಅಂಕ. ಮೊದಲು ಅಲ್ಲಿ ಲೀವ್ ಎ ಲೆಗಸಿ ಅಂತ ದೊಡ್ಡ ದೊಡ್ಡ ಗ್ರಾನೈಟ್ ಕಲ್ಲುಗಳಿದ್ದವು, ದುಡ್ಡು ಕೊಟ್ಟವರ ಮುಖಗಳನ್ನು ಪುಟ್ಟ ಲೋಹದ ತಗಡಿನಲ್ಲಿ ಕೆತ್ತಿ ಅಂಟಿಸಿದ್ದರು. ನನಗಂತೂ ಯಾವತ್ತೂ ಸ್ಮಶಾನದ ನೆನಪಾಗುತ್ತಿತ್ತು. ಅವನ್ನು ಹೊರಗೆ ಸಾಗಿಸಿ, ಜಾಗ ಬಿಡಿಸಿ, ಹಸಿರು ಜಾಸ್ತಿ ಮಾಡಿ, 1982ರ ಕಾರಂಜಿಯ ಪಾರದರ್ಶಕ ಕಂಬಗಳನ್ನು ಮತ್ತೆ ನಿಲ್ಲಿಸಿದ್ದಾರೆ. ಹಳೆಯ ಅಭಿಮಾನಿಗಳೂ ಇದನ್ನು ಒಪ್ಪಿದರು. ಅದೇ ಕಾಯಕಲ್ಪ, ಅದೇ ಕಂಪನಿ.

ಗೋಳ ದಾಟಿ ಬಂದರೆ ಡ್ರೀಮರ್ಸ್ ಪಾಯಿಂಟ್. ಮೆಟ್ಟಿಲ ಮೇಲೆ ಕೂತ ವಾಲ್ಟ್ ಡಿಸ್ನಿಯ ಕಂಚಿನ ಪ್ರತಿಮೆ. ಎತ್ತರದ ಪೀಠ ಇಲ್ಲದ್ದು ಒಳ್ಳೆಯದಾಯಿತು, ಮಕ್ಕಳು ಪಕ್ಕದಲ್ಲೇ ಕೂತು ಫೋಟೋ ತೆಗೆಸಿಕೊಳ್ಳುತ್ತವೆ. ಅದರ ಮುಂದೆ ವರ್ಲ್ಡ್ ಸೆಲೆಬ್ರೇಷನ್ ಗಾರ್ಡನ್ಸ್. ಹಾದಿಗಳು ಅಗಲ, ನೆಲ ಚೊಕ್ಕ, ಗಾಲಿಕುರ್ಚಿ ತಳ್ಳುವವರಿಗೆ ಎಲ್ಲೂ ಅಡ್ಡಿಯಿಲ್ಲ. ಹೊಸ ಮರಗಳನ್ನು ನೆಟ್ಟಿದ್ದಾರೆ, ಹೂಪಾತಿಗಳು ಅಚ್ಚುಕಟ್ಟು. ನಡುವಿನ ಪಾತಿ ಎಪ್ಕಾಟ್‌ನ ಹಳೆಯ ಲಾಂಛನದ ಉಂಗುರಗಳನ್ನು ನೆನಪಿಸುತ್ತದೆ. ಹಗಲಿನಲ್ಲಿ ಇದು ಯಾವುದೋ ಒಳ್ಳೆಯ ವಿಶ್ವವಿದ್ಯಾಲಯದ ಆವರಣದ ಹಾಗಿದೆ. ನಿಮ್ಮನ್ನು ಕೂರಿಸುವುದಿಲ್ಲ, ದಾಟಿಸುತ್ತದೆ.

ಊರಿಂದ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅವರಿಗೆ ಗೋಳ ನೋಡಿ ಖುಷಿ, ಹೂಪಾತಿ ನೋಡಿ ಇನ್ನೂ ಖುಷಿ. ಮರ ಕಂಡರೆ ಮಾತ್ರ ಸುಮ್ಮನಿರುವವರಲ್ಲ. ಒಂದು ಗಿಡದ ಬುಡಕ್ಕೆ ಹೋಗಿ, ಕೊಂಬೆ ನೋಡಿ, "ಇದರ ನೆರಳಲ್ಲಿ ಕೂರೋದು ನಾನೂ ಅಲ್ಲ, ನೀನೂ ಅಲ್ಲ ಮಾರಾಯ. ಪುಟ್ಟಿ ಮಕ್ಕಳು" ಅಂದರು. ಪುಟ್ಟಿ ಅಂದರೆ ನನ್ನ ಮಗಳು, ಇನ್ನೂ ಪ್ರೈಮರಿ ಶಾಲೆ. ಕೊಡೆ ಬಿಚ್ಚಿಕೊಂಡು ಮುಂದೆ ನಡೆದರು.

ಅವರಿಗೆ ಎಪ್ಕಾಟ್ ಇಷ್ಟವಾದದ್ದು ದ ಲ್ಯಾಂಡ್ ಅನ್ನುವ ಕಟ್ಟಡದೊಳಗೆ. ಅಲ್ಲಿ ಲಿವಿಂಗ್ ವಿತ್ ದ ಲ್ಯಾಂಡ್ ಅಂತ ದೋಣಿ ಸವಾರಿ ಇದೆ. 1982ರಿಂದಲೂ ಇರುವ ದೋಣಿ, ನಿಜವಾದ ಗಾಜಿನ ಮನೆಗಳ ಒಳಗೆ ಹಾದು ಹೋಗುತ್ತದೆ. ಬಾಳೆ, ಪರಂಗಿ, ಮಣ್ಣಿಲ್ಲದೆ ತೂಗಾಡಿಕೊಂಡು ಬೆಳೆಯುವ ತರಕಾರಿ. ಬಾಳೆಗೊನೆ ಕಂಡ ಕೂಡಲೇ ಅಮ್ಮ ಪಕ್ಕದ ಅಮೆರಿಕನ್ ಹೆಂಗಸಿಗೆ ಕನ್ನಡದಲ್ಲೇ ಏನೋ ವಿವರಿಸಿದರು, ಆಕೆಯೂ ತಲೆಯಾಡಿಸಿದಳು. ಕ್ಯೂ ಕಡಿಮೆ ಇದ್ದದ್ದರಿಂದ ಇನ್ನೊಂದು ಸುತ್ತು ಹೋದೆವು.

ಹೊಸದರಲ್ಲಿ ನನಗೆ ಅತಿ ಇಷ್ಟವಾದದ್ದು ಜರ್ನಿ ಆಫ್ ವಾಟರ್. 2023ರ ಅಕ್ಟೋಬರ್ 16ಕ್ಕೆ ತೆರೆದದ್ದು. ಡಿಸ್ನಿಯ ಮೊವಾನಾ ಚಿತ್ರದ ಹೆಸರಲ್ಲಿ ನೀರಿನ ಚಕ್ರ ಕಲಿಸುವ ಕಾಲುದಾರಿ. ಬಂಡೆ, ತೊರೆ, ಕೈ ಹಿಡಿದರೆ ನಿಲ್ಲುವ ನೀರು, ಕೊನೆಗೆ 16 ಅಡಿಯ ಹಸಿರು ದೇವತೆ ತೆ ಫಿತಿ. ಗಿಡಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ಕೆಲವು ತಿರುವುಗಳಲ್ಲಿ ನಮ್ಮ ಕಡೆಯ ಹಳ್ಳದ ದಂಡೆಯ ತಂಪೇ ಇದೆ. ಅಂದರೆ ನೆರಳು ಮಾಡುವುದು ಇವರಿಗೆ ಬರುತ್ತದೆ. ನಡುಚೌಕದಲ್ಲಿ ಯಾಕೆ ಮಾಡಲಿಲ್ಲ ಅಂದರೆ ಅಲ್ಲಿ ಬೇಕಾಗಿದ್ದದ್ದು ನೋಟ ಮತ್ತು ಜನ ಸಾಗಲು ಜಾಗ, ಅಷ್ಟೇ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮುಂದೆಯೂ ಹೀಗೇ ಆಗಿತ್ತು. ಪಟಾಕಿ ನೋಡುವ ಜನ ಹೆಚ್ಚಿದ ಹಾಗೆ ಅಲ್ಲಿನ ಮರಗಳು ಕಡಿಮೆಯಾದವು, 2015ರ ಹೊತ್ತಿಗೆ ಜಾಗವನ್ನೇ ಅಗಲ ಮಾಡಿದರು.

ರಾತ್ರಿಗೆ ಬಂದರೆ ನನ್ನ ಟೀಕೆ ಅರ್ಧ ಕರಗುತ್ತದೆ, ಅದನ್ನೂ ಹೇಳಬೇಕು. ಕತ್ತಲಾದ ಮೇಲೆ ಅದೇ ಚೌಕ ಬೇರೆಯೇ. ಮರಗಳಿಗೆ, ಕಂಬಗಳಿಗೆ, ಹಾದಿಗೆ ಬಣ್ಣದ ಬೆಳಕು. ಗೋಳದ ಮೇಲೆ 2021ರಿಂದ ಬಂದ ದೀಪಗಳು ಸಂಗೀತಕ್ಕೆ ಮಿನುಗುತ್ತವೆ, ಕೆಳಗಿನ ತೋಟವೂ ಅದಕ್ಕೆ ತಾಳ ಹಾಕುತ್ತದೆ. ಜನ ಹುಲ್ಲಿನ ಅಂಚಿಗೆ ಕೂತುಬಿಡುತ್ತಾರೆ. ಬಿಸಿಲಿಲ್ಲದ ಹೊತ್ತಿಗೆ ಈ ವಿನ್ಯಾಸ ಗೆದ್ದಿದೆ. ಹೊಗಳುವ ಅಭಿಮಾನಿಗಳ ಫೋಟೋಗಳೆಲ್ಲ ಹೆಚ್ಚುಕಡಿಮೆ ರಾತ್ರಿಯವು, ಬೈಯುವವರ ಫೋಟೋಗಳೆಲ್ಲ ಮಧ್ಯಾಹ್ನದವು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಡಿಸ್ನಿ ಪರ ಮಾತಾಡುವವರು ಇನ್ನೊಂದು ವಾದ ಇಡುತ್ತಾರೆ. ಈ ಕಂಪನಿ ತನ್ನ ಜಮೀನಿನ ಮೂರರಲ್ಲೊಂದು ಭಾಗವನ್ನು ಕಾಡಾಗಿಯೇ ಬಿಟ್ಟಿದೆ. ಜೌಗು ಭೂಮಿಯ ಮೇಲೆ ಕಟ್ಟಿದ್ದಕ್ಕೆ ಬದಲಾಗಿ 1990ರ ದಶಕದಲ್ಲಿ ಕಿಸಿಮಿ ಹತ್ತಿರ ನೇಚರ್ ಕನ್ಸರ್ವೆನ್ಸಿ ಜೊತೆ ಸೇರಿ ಸಾವಿರಾರು ಎಕರೆಯ ವೈಲ್ಡರ್‌ನೆಸ್ ಪ್ರಿಸರ್ವ್ ಮಾಡಿದೆ. ನಾನು ಅಲ್ಲಿ ನಡೆದಿದ್ದೇನೆ, ತುಂಬಾ ಒಳ್ಳೆಯ ಜಾಗ. ಹದ್ದು, ಆಮೆ, ಉದ್ದೆಲೆಯ ಪೈನ್ ಮರ. ಆದರೆ ಕಿಸಿಮಿಯ ಪೈನ್ ಮರದ ನೆರಳು ಎಪ್ಕಾಟ್‌ನಲ್ಲಿ ಕ್ಯೂ ನಿಂತವನ ನೆತ್ತಿಗೆ ತಲುಪುವುದಿಲ್ಲ. ನಾವು ಟಿಕೆಟ್ ಕೊಡುವುದು ಇಲ್ಲಿಗೆ, ಅದೂ ನೂರು ಡಾಲರಿಗೂ ಮೇಲೆ.

ಈ ಜಗಳ ಈಗ ಮ್ಯಾಜಿಕ್ ಕಿಂಗ್‌ಡಮ್‌ಗೆ ಸಾಗಿದೆ. 1971ರಿಂದ ಇದ್ದ ರಿವರ್ಸ್ ಆಫ್ ಅಮೆರಿಕಾ ಅನ್ನುವ ನದಿ, ಅದರ ಉಗಿದೋಣಿ, 1973ರಿಂದ ಇದ್ದ ಟಾಮ್ ಸಾಯರ್ ದ್ವೀಪ, ಮೂರಕ್ಕೂ 2025ರ ಜುಲೈ 6 ಕೊನೆಯ ದಿನವಾಯಿತು. ಕಾರ್ಸ್ ಚಿತ್ರದ ಹೆಸರಲ್ಲಿ ಪಿಸ್ಟನ್ ಪೀಕ್ ಅನ್ನುವ ಬೆಟ್ಟಗಾಡು ಬರಲಿದೆಯಂತೆ, ಬಂಡೆ, ಬಿಸಿನೀರಿನ ಬುಗ್ಗೆ, ಸಾಲು ಮರ ಎಲ್ಲ ಸೇರಿ. ಐವತ್ತು ವರ್ಷ ಬೆಳೆದ ದ್ವೀಪದ ಮರಗಳನ್ನು ತೆಗೆದು ಕಾಡಿನ ಕತೆ ಹೇಳುತ್ತಾರೆ ಅಂತ ಅಭಿಮಾನಿಗಳು ಕುಟುಕುತ್ತಿದ್ದಾರೆ. ಎಪ್ಕಾಟ್ ನೋಡಿದ ಮೇಲೆ ಆ ಅನುಮಾನ ನನಗೂ ಇದೆ. ಆದರೆ ಇಲ್ಲಿ ನಕ್ಷೆ ಮತ್ತು ಹಣ ಮೊದಲೇ ಗಟ್ಟಿಯಿದ್ದ ಹಾಗೆ ಕಾಣುತ್ತದೆ, ಹಾಗಾಗಿ ಕೆಲಸ ನಡುನೀರಲ್ಲಿ ನಿಲ್ಲಲಿಕ್ಕಿಲ್ಲ. ಮರದ ವಿಷಯ ಬೇರೆ. ಡಿಸ್ನಿ ವರ್ಲ್ಡ್‌ನ ಅತಿ ಪ್ರಸಿದ್ಧ ಮರ ಯಾವುದು ಗೊತ್ತಾ? ಅನಿಮಲ್ ಕಿಂಗ್‌ಡಮ್‌ನ ಟ್ರೀ ಆಫ್ ಲೈಫ್, 145 ಅಡಿ. ಒಳಗೆ ತೈಲಬಾವಿಯ ಉಕ್ಕಿನ ಚೌಕಟ್ಟು, ಮೇಲೆ ಸಿಮೆಂಟು, ಎಲೆಗಳು ಪ್ಲಾಸ್ಟಿಕ್ಕು.

ಅಂಕ ಹೀಗೆ. ರಾತ್ರಿಯ ವರ್ಲ್ಡ್ ಸೆಲೆಬ್ರೇಷನ್‌ಗೆ ಐದಕ್ಕೆ ನಾಲ್ಕೂವರೆ. ಹಗಲಿಗೆ ಎರಡು. ಜರ್ನಿ ಆಫ್ ವಾಟರ್‌ಗೆ ಐದು. ಕಮ್ಯುನಿಕೋರ್ ಹಾಲ್‌ಗೆ ಎರಡೂವರೆ: ಒಳಗೆ ಎ.ಸಿ. ಇದೆ, ಅಷ್ಟರಲ್ಲೇ ಅರ್ಧ ಅಂಕ.

ಹೋಗುವವರಿಗೆ: ನವೆಂಬರ್‌ನಿಂದ ಫೆಬ್ರುವರಿ ಆದರೆ ಈ ತಕರಾರು ಯಾವುದೂ ನಿಮಗೆ ತಟ್ಟುವುದಿಲ್ಲ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಗ್ಗೆ ಬೇಗ ಗೋಳದ ಸುತ್ತ ಫೋಟೋ ಮುಗಿಸಿ. ಮಧ್ಯಾಹ್ನಕ್ಕೆ ದ ಲ್ಯಾಂಡ್ ಮತ್ತು ಪಕ್ಕದ ಮೀನಿನ ಕಟ್ಟಡ ಇಟ್ಟುಕೊಳ್ಳಿ. ಊಟಕ್ಕೆ ಕನೆಕ್ಷನ್ಸ್ ದೊಡ್ಡದು, ತಂಪು, ಸಸ್ಯಾಹಾರಿಗಳಿಗೆ ಪಿಜ್ಜಾ ಸಿಗುತ್ತದೆ. ದೇಶಗಳ ಕಡೆ ಹೋದಾಗ ಕೆನಡಾದ ತೋಟ, ಜಪಾನಿನ ಮೀನಿನ ಕೊಳ, ಬ್ರಿಟನ್ನಿನ ಹಿತ್ತಲು ಇವೆಲ್ಲ ಹಳೆಯ ಮರಗಳಿರುವ ಕಡೆಗಳು, ಅಲ್ಲಿ ಕೂರಿ. ಹನ್ನೊಂದು ದೇಶಗಳಲ್ಲಿ ಭಾರತ ಇಲ್ಲ, ಹುಡುಕಬೇಡಿ. ಆಹಾರ ಹಬ್ಬದ ಸಮಯದಲ್ಲಿ ಕೆಲವು ವರ್ಷ ಇಂಡಿಯಾ ಮಳಿಗೆ ಹಾಕಿದ್ದುಂಟು, ಸಿಕ್ಕರೆ ಅದೃಷ್ಟ. ಕತ್ತಲಾದ ಮೇಲೆ ನಡುಚೌಕಕ್ಕೆ ವಾಪಸ್ ಬನ್ನಿ. ವಯಸ್ಸಾದವರ ಜೊತೆ ಕೊಡೆ ಇರಲಿ, ಬಿಸಿಲಿಗೂ ಆಗುತ್ತದೆ, ಮೂರು ಗಂಟೆಯ ಗುಡುಗು ಮಳೆಗೂ ಆಗುತ್ತದೆ.